ವೀಳ್ಯವೋ, ಕೂಲಿಯೋ? ಸಮೀಕ್ಷೆಗೆ ಉತ್ತರಿಸುವವರಿಗೆ ಹಣ ಕೊಡುವ ಬಗೆಗಳ ಹೋಲಿಕೆ

ತಿಪಟೂರು ಸೀಮೆಯ ಒಂದು ಹಳ್ಳಿ, ಬೆಳಿಗ್ಗೆ ಹತ್ತೂವರೆಯ ಹೊತ್ತು. ಅಂಗಳದಲ್ಲಿ ಕುಳಿತು ಚಿಪ್ಪಿನಿಂದ ಕೊಬ್ಬರಿ ಬಿಡಿಸುತ್ತಿದ್ದ ಅಜ್ಜಿಯ ಮುಂದೆ ಕುಳಿತು, ನಾನು ಯಾರು, ಎಲ್ಲಿಂದ ಬಂದೆ, ಏನು ಕೇಳಬೇಕಾಗಿದೆ ಎಂಬುದನ್ನೆಲ್ಲ ಹೇಳಿದೆ. ಹೇಳಿ ಮುಗಿಸಿದ ಮೇಲೆ, ಮೊದಲ ಪ್ರಶ್ನೆಗೂ ಮುಂಚೆ, ಐವತ್ತು ರೂಪಾಯಿಯ ನೋಟಿದ್ದ ಪುಟ್ಟ ಲಕೋಟೆಯನ್ನು ಕೈಗಿತ್ತೆ.

“ಇದು ಯಾತಕ್ಕಮ್ಮ? ನಾನು ಇನ್ನೂ ಏನೂ ಹೇಳಲೇ ಇಲ್ಲವಲ್ಲ.”

“ನಿಮ್ಮ ಮುಕ್ಕಾಲು ಗಂಟೆ ಕೆಲಸ ಕೆಡುತ್ತದೆ ಅಜ್ಜಿ, ಅದಕ್ಕೆ. ನಡುವೆ ಸಾಕು ಅನ್ನಿಸಿದರೆ ನಿಲ್ಲಿಸಿಬಿಡಿ. ಆಗಲೂ ಇದು ನಿಮ್ಮದೇ.”

ಅವರು ಲಕೋಟೆಯನ್ನು ಎರಡು ಸಲ ತಿರುಗಿಸಿ ನೋಡಿ ಎಲೆಅಡಿಕೆಯ ಚೀಲದೊಳಗೆ ಸೇರಿಸಿದರು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಸೊಸೆಯನ್ನು ಕೂಗಿ ಚಾಪೆ ಹಾಸಿಸಿದರು. ರೇಷನ್ ಕಾರ್ಡಿನ ಪ್ರಶ್ನೆ ಬಂದಾಗ “ಅಂದಾಜಿಗೆ ಹೇಳಬಾರದು, ತಾಳವ್ವ” ಎಂದು ಒಳಗಿನಿಂದ ಕಾರ್ಡನ್ನೇ ತರಿಸಿ ನನ್ನ ಮುಂದೆ ಹಿಡಿದರು.

ಅದರ ಹಿಂದಿನ ಸುತ್ತಿನಲ್ಲಿ ಇದೇ ಐವತ್ತು ರೂಪಾಯಿಯನ್ನು ನಾವು ಕೊನೆಯಲ್ಲಿ ಕೊಡುತ್ತಿದ್ದೆವು. ಆಗ ಅರ್ಧಕ್ಕೆ ಬರುವಷ್ಟರಲ್ಲಿ “ಇನ್ನೂ ಎಷ್ಟು ಹಾಳೆ ಇದೆ?” ಎಂದು ಪ್ರಶ್ನಾವಳಿಯತ್ತ ಕತ್ತು ಚಾಚುವವರೇ ಹೆಚ್ಚಾಗಿದ್ದರು. ಹಣ ಅಷ್ಟೇ ಇತ್ತು, ಅದು ಮನಸ್ಸಿಗೆ ನಾಟಿದ ಬಗೆ ಬೇರೆಯಾಗಿತ್ತು.

ಸಂಶೋಧನೆಗಾಗಿ ಸಮೀಕ್ಷೆ ಮಾಡಹೊರಟ ವಿದ್ಯಾರ್ಥಿಗಳು, ಸ್ವಯಂಸೇವಾ ಸಂಸ್ಥೆಗಳ ಕಾರ್ಯಕರ್ತರು ಮೊದಲು ಕೇಳುವುದು “ತಲೆಗೆ ಎಷ್ಟು ಕೊಡಬೇಕು?” ಎಂದು. ನನ್ನ ಪ್ರಕಾರ ಅದು ಮೂರನೆಯ ಪ್ರಶ್ನೆ. ಯಾವಾಗ ಕೊಡಬೇಕು ಎಂಬುದು ಮೊದಲನೆಯದು, ಯಾವ ರೂಪದಲ್ಲಿ ಎಂಬುದು ಎರಡನೆಯದು.

ಮೊದಲೇ ಕೊಡುವುದು, ಮುಗಿದ ಮೇಲೆ ಕೊಡುವುದು

ವೀಳ್ಯ ಕೊಟ್ಟು ಕೆಲಸ ಒಪ್ಪಿಸುವುದು ನಮ್ಮಲ್ಲಿ ಹಳೆಯ ರೂಢಿ. ವೀಳ್ಯ ಹಿಡಿದವನು ಕೆಲಸವನ್ನು ಹೊತ್ತುಕೊಂಡಂತೆ. ಎರಡು ಎಲೆ, ಒಂದು ಅಡಿಕೆಗೆ ಏನು ಬೆಲೆ? ಮುಂಚಿತವಾಗಿ ಇಟ್ಟ ನಂಬಿಕೆಗೆ ಬೆಲೆ. ಮುಯ್ಯಿಯೂ ಹಾಗೆಯೇ. ಮದುವೆಯಲ್ಲಿ ಬಂದ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಯಲ್ಲಿ ತೀರಿಸುವ ತನಕ ಮನಸ್ಸಿಗೆ ಸಮಾಧಾನವಿರುವುದಿಲ್ಲ. ಸಮೀಕ್ಷೆಯ ಮುಂಗಡ ಹಣ ಕೆಲಸ ಮಾಡುವುದು ಈ ಗುಣದ ಮೇಲೆ. ಮುಗಿದ ಮೇಲೆ ಕೊಡುವ ಹಣ ಕೂಲಿಯಾಗುತ್ತದೆ. ಕೂಲಿ ಎಂದ ಕೂಡಲೇ ಇಷ್ಟು ಪ್ರಶ್ನೆಗೆ ಇಷ್ಟು ಸಾಕೇ ಎಂಬ ಲೆಕ್ಕ ಶುರುವಾಗುತ್ತದೆ.

ಇದು ನನ್ನೊಬ್ಬಳ ಅನುಭವವಲ್ಲ. ಅಂಚೆಯ ಮೂಲಕ ನಡೆದ ಸಮೀಕ್ಷೆಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ಅಲನ್ ಚರ್ಚ್ 1993ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಪ್ರಶ್ನಾವಳಿಯ ಜೊತೆಗೇ ಹಣ ಇಟ್ಟು ಕಳುಹಿಸಿದಾಗ ಉತ್ತರದ ಪ್ರಮಾಣ ಸರಾಸರಿ 19 ಅಂಶ ಏರಿತ್ತು. ಅಂದರೆ ನೂರಕ್ಕೆ ನಲವತ್ತು ಮಂದಿ ಉತ್ತರಿಸುತ್ತಿದ್ದ ಕಡೆ ಐವತ್ತೊಂಬತ್ತು ಮಂದಿ ಉತ್ತರಿಸಿದಂತೆ. ಹಣದ ಬದಲು ವಸ್ತು ಇಟ್ಟಾಗ ಏರಿಕೆ ಸುಮಾರು 8 ಅಂಶ. “ತುಂಬಿ ಕಳುಹಿಸಿ, ಆಮೇಲೆ ಕೊಡುತ್ತೇವೆ” ಎಂದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಅದಕ್ಕೂ ಒಂದು ವರ್ಷ ಮುಂಚೆ, 1992ರಲ್ಲಿ, ಜೇಮ್ಸ್ ಮತ್ತು ಬೋಲ್‌ಸ್ಟೀನ್ ಎಂಬ ಸಂಶೋಧಕರು ಅಮೆರಿಕದ ಕಟ್ಟಡ ಗುತ್ತಿಗೆದಾರರ ನಡುವೆ ಮಾಡಿದ ಪ್ರಯೋಗ ಇನ್ನೂ ಖಚಿತವಾದ ಮಾತು ಹೇಳುತ್ತದೆ. ಏನೂ ಕೊಡದಿದ್ದಾಗ ಶೇಕಡಾ 52 ಮಂದಿ ಉತ್ತರಿಸಿದರು. ಉತ್ತರಿಸಿದರೆ 50 ಡಾಲರ್ ಕೊಡುತ್ತೇವೆ ಎಂದಾಗ ಶೇಕಡಾ 57. ಲಕೋಟೆಯಲ್ಲೇ ಒಂದೇ ಒಂದು ಡಾಲರ್ ಇಟ್ಟು ಕಳುಹಿಸಿದಾಗ ಶೇಕಡಾ 64. ಐವತ್ತರ ಮಾತಿಗಿಂತ ಕೈಗೆ ಬಂದ ಒಂದು ಗೆದ್ದಿತು.

ಮನೆಗೆ ಹೋಗಿ ಕೇಳುವಾಗ, ಫೋನಿನಲ್ಲಿ ಕೇಳುವಾಗ ಈ ಅಂತರ ಇಷ್ಟು ದೊಡ್ಡದಾಗಿರುವುದಿಲ್ಲ ಎಂಬುದನ್ನೂ ಹೇಳಬೇಕು. ಎಲೀನರ್ ಸಿಂಗರ್ ಮತ್ತು ಸಂಗಡಿಗರು 1999ರಲ್ಲಿ ಅಂಥ ಸಮೀಕ್ಷೆಗಳ ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಮೊದಲು ಕೊಟ್ಟದ್ದಕ್ಕೂ ಆಮೇಲೆ ಕೊಟ್ಟದ್ದಕ್ಕೂ ಖಚಿತವಾದ ವ್ಯತ್ಯಾಸ ಸಿಗಲಿಲ್ಲ. ಒಂದೊಂದು ಡಾಲರಿಗೆ ಉತ್ತರದ ಪ್ರಮಾಣ ಏರಿದ್ದು ಒಂದು ಅಂಶದ ಮೂರನೆಯ ಒಂದು ಪಾಲು ಮಾತ್ರ. ಎದುರಿಗೆ ಒಬ್ಬರು ಕುಳಿತು ವಿನಯದಿಂದ ಕೇಳುತ್ತಿರುವಾಗ ಅರ್ಧ ಕೆಲಸ ಆ ಮನುಷ್ಯರೇ ಮಾಡಿಬಿಟ್ಟಿರುತ್ತಾರೆ.

ಹಾಗಿದ್ದರೂ ನಾನು ಮುಂಗಡದ ಪರ. ಕಾರಣ ಸಂಖ್ಯೆಯಲ್ಲ. ಕೊನೆಯಲ್ಲಿ ಹಣ ಸಿಗುತ್ತದೆ ಎಂದಾದರೆ, ಗಂಡನ ಹೊಡೆತದ ಬಗ್ಗೆಯೋ ಸಾಲದ ಬಗ್ಗೆಯೋ ಪ್ರಶ್ನೆ ಬಂದಾಗ “ಇದಕ್ಕೆ ಉತ್ತರ ಹೇಳಲಾರೆ” ಎನ್ನುವ ಧೈರ್ಯ ಬಡ ಹೆಂಗಸಿಗೆ ಬರುವುದಿಲ್ಲ. ಹಣ ಆಗಲೇ ಅವಳದಾಗಿದ್ದರೆ ಬರುತ್ತದೆ. ಹಣ ತೆಗೆದುಕೊಂಡು ಎದ್ದುಹೋಗುವವರು ಇಲ್ಲವೇ? ಇದ್ದಾರೆ, ಬಹಳ ಇಲ್ಲ. ಅದನ್ನು ನಷ್ಟವೆಂದು ಬರೆಯುವ ಮೊದಲು ಒಂದು ಕೈಲೆಕ್ಕ ಹಾಕಿ ನೋಡಿ. ನಾನೂರು ಮನೆಗೆ ಐವತ್ತರಂತೆ ಇಪ್ಪತ್ತು ಸಾವಿರ. ಸಮೀಕ್ಷಕಿಯ ದಿನಗೂಲಿ, ಬಸ್ಸು, ಊಟ ಸೇರಿ ದಿನಕ್ಕೆ ಒಂದು ಸಾವಿರವಾಗಿ, ಅವಳು ದಿನಕ್ಕೆ ಆರು ಮನೆ ನೋಡಿದರೆ, ಒಂದು ಭೇಟಿಗೆ ನೂರ ಎಪ್ಪತ್ತರ ಆಸುಪಾಸು ಬೀಳುತ್ತದೆ. ಲಕೋಟೆಯಿಂದಾಗಿ ನೂರ ಇಪ್ಪತ್ತು ಮರುಭೇಟಿ ತಪ್ಪಿದರೆ ಹಣ ವಾಪಸು ಬಂದಂತೆಯೇ. “ನಾಳೆ ಬನ್ನಿ” ಎನ್ನುವ ಮನೆಗಳು ಎಷ್ಟಿರುತ್ತವೆ ಎಂಬುದು ಊರೂರು ಅಲೆದವರಿಗೆಲ್ಲ ಗೊತ್ತು.

ನೋಟು, ವಸ್ತು, ರೀಚಾರ್ಜ್, ಯುಪಿಐ

ನೋಟು ಎಲ್ಲರಿಗೂ ಅರ್ಥವಾಗುತ್ತದೆ, ತಕ್ಷಣ ತಲುಪುತ್ತದೆ. ತೊಂದರೆ ಎರಡು. ಚುನಾವಣೆ ಹತ್ತಿರವಿದ್ದಾಗ ಹಳ್ಳಿಯಲ್ಲಿ ಅಪರಿಚಿತರು ನೋಟಿನ ಲಕೋಟೆ ಹಂಚುತ್ತಿದ್ದಾರೆ ಎಂದರೆ ಜನ ಏನೆಂದುಕೊಳ್ಳುತ್ತಾರೆ ಎಂದು ವಿವರಿಸಬೇಕಾಗಿಲ್ಲ. ನೀತಿಸಂಹಿತೆ ಜಾರಿಯಲ್ಲಿರುವ ದಿನಗಳಲ್ಲಿ ಹಣ ಕೊಡುವ ಸಮೀಕ್ಷೆಯನ್ನು ಮುಂದಕ್ಕೆ ಹಾಕಿ. ಎರಡನೆಯದು, ಕೆಲವು ಮನೆಗಳಲ್ಲಿ ನೋಟು ಚಾಚಿದರೆ ಮುಖ ಸಣ್ಣದಾಗುತ್ತದೆ. ಕಾಫಿ ಕೊಟ್ಟು ಕೂರಿಸಿದವರಿಗೆ ದುಡ್ಡು ಕೊಡುವುದು ಅವರ ಆತಿಥ್ಯಕ್ಕೆ ಬೆಲೆ ಕಟ್ಟಿದಂತೆ. ಮಲೆನಾಡಿನ ತೋಟದ ಮನೆಗಳಲ್ಲಿ ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅಲ್ಲಿ ಮಕ್ಕಳ ನೋಟ್‌ಬುಕ್, ಬಣ್ಣದ ಪೆನ್ಸಿಲ್ ಡಬ್ಬಿ ಸಲೀಸಾಗಿ ಒಳಗೆ ಹೋಗುತ್ತವೆ.

ವಸ್ತುವನ್ನು ಅಂಚೆ ಪ್ರಯೋಗಗಳ ಅಂಕಿ ನೋಡಿ ತಳ್ಳಿಹಾಕಬೇಡಿ. ಸಮೀಕ್ಷೆಗೆ ಸಂಬಂಧಿಸಿದ್ದಲ್ಲವಾದರೂ ನಮ್ಮ ದೇಶದ್ದೇ ಒಂದು ಪ್ರಯೋಗ ನೆನಪಿಗೆ ಬರುತ್ತದೆ. ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಮಕ್ಕಳ ಲಸಿಕೆಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಪ್ರತಿ ಸಲ ಒಂದು ಕಿಲೋ ಬೇಳೆ, ಎಲ್ಲ ಲಸಿಕೆ ಮುಗಿಸಿದವರಿಗೆ ಊಟದ ತಟ್ಟೆಗಳನ್ನು ಕೊಟ್ಟು ನೋಡಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಏನೂ ಮಾಡದ ಹಳ್ಳಿಗಳಲ್ಲಿ ಪೂರ್ಣ ಲಸಿಕೆ ಶೇಕಡಾ 6, ತಪ್ಪದೆ ಶಿಬಿರ ನಡೆದ ಕಡೆ 18, ಶಿಬಿರದ ಜೊತೆಗೆ ಬೇಳೆಯೂ ಇದ್ದ ಕಡೆ 39. ಅಡುಗೆಮನೆಗೆ ಬರುವ ವಸ್ತುವಿನ ಮೇಲೆ ಹಕ್ಕು ಹೆಂಗಸಿನದು. ಆದರೆ ಸಾಗಾಟದ ಕಷ್ಟ ಮರೆಯಬೇಡಿ. ನಾನೂರು ಸ್ಟೀಲ್ ಲೋಟ ಹೊತ್ತು ಬಸ್ ಹತ್ತುವ ಸಮೀಕ್ಷಕಿಯ ಹೆಗಲು ನಿಮ್ಮ ಹೆಗಲಲ್ಲ.

ಮೊಬೈಲ್ ರೀಚಾರ್ಜ್ ಕೆಲವು ವರ್ಷಗಳ ಹಿಂದೆ ಒಳ್ಳೆಯ ಉಪಾಯವಾಗಿತ್ತು. ಈಗ ಇಪ್ಪತ್ತು, ಮೂವತ್ತು ರೂಪಾಯಿ ಟಾಪ್‌ಅಪ್ ಹಾಕಿದರೆ ವ್ಯಾಲಿಡಿಟಿ ಬೆಳೆಯುವುದಿಲ್ಲ, ತಿಂಗಳ ಪ್ಲಾನ್ ಹಾಕಿಸಿಕೊಂಡವರಿಗೆ ಅದರಿಂದ ಉಪಯೋಗವಿಲ್ಲ. ಯುಪಿಐ ನಗರದಲ್ಲಿ ಸಲೀಸು, ಲೆಕ್ಕಪತ್ರಕ್ಕೂ ಅನುಕೂಲ. ಹಳ್ಳಿಯಲ್ಲಿ ಮನೆಯ ಏಕೈಕ ಸ್ಮಾರ್ಟ್‌ಫೋನ್ ಮಗನ ಜೇಬಿನಲ್ಲಿರುತ್ತದೆ, ಖಾತೆಗೆ ಜೋಡಿಸಿದ ನಂಬರು ಗಂಡನದಾಗಿರುತ್ತದೆ. ತಾಯಿ ಕೊಟ್ಟ ಮುಕ್ಕಾಲು ಗಂಟೆಯ ಹಣ ಮಗನ ಖಾತೆ ಸೇರಿದರೆ ಅದು ಅವಳಿಗೆ ಕೊಟ್ಟದ್ದೆಂದು ನಾನು ಒಪ್ಪುವುದಿಲ್ಲ.

ಊರಿನ ಶಾಲೆಗೆ, ಭಜನಾ ಮಂದಿರಕ್ಕೆ ದೇಣಿಗೆ ಕೊಡುತ್ತೇವೆ ಎಂಬ ಏರ್ಪಾಡೂ ಇದೆ. ಊರಿನ ಹಿರಿಯರು ಖುಷಿಪಡುತ್ತಾರೆ, ಉತ್ತರ ಹೇಳಬೇಕಾದ ಮನೆಯವರಿಗೆ ಅದು ತಟ್ಟುವುದಿಲ್ಲ. ಹಿರಿಯರ ಒತ್ತಾಯಕ್ಕೆ ಬಾಗಿಲು ತೆರೆದವರು ಹೇಳುವ ಉತ್ತರವೂ ಹಿರಿಯರಿಗೆ ಒಪ್ಪುವಂಥದ್ದೇ ಆಗಿರುತ್ತದೆ.

ಫೋನಿನಲ್ಲಿ ಹಣದ ಮಾತು

ಫೋನ್ ಸಮೀಕ್ಷೆಯಲ್ಲಿ ಈ ಹೋಲಿಕೆ ತಲೆಕೆಳಗಾಗುತ್ತದೆ. ಒಮ್ಮೆ ನಮ್ಮ ತಂಡದ ಹುಡುಗಿ ಕರೆ ಮಾಡಿ ನಮಸ್ಕಾರ ಹೇಳಿದ ಕೂಡಲೇ “ಹತ್ತು ನಿಮಿಷ ಮಾತನಾಡಿದರೆ ನೂರು ರೂಪಾಯಿ ಕಳುಹಿಸುತ್ತೇವೆ ಅಮ್ಮ” ಎಂದಳು. ಆ ಕಡೆಯ ಧ್ವನಿ ಗಟ್ಟಿಯಾಯಿತು: “ದುಡ್ಡು ಕೊಡುತ್ತೇವೆ ಎನ್ನುವವರ ಫೋನ್ ಇಟ್ಟುಬಿಡು ಎಂದು ನನ್ನ ಮಗ ಹೇಳಿದ್ದಾನೆ.” ಕರೆ ಕಡಿತ. ಆ ಮಗ ಹೇಳಿದ್ದು ಸರಿ. ಲಿಂಕ್ ಒತ್ತಿ, ಓಟಿಪಿ ಹೇಳಿ, ಬಹುಮಾನ ಬಂದಿದೆ ಎಂಬ ಮೋಸದ ಕರೆಗಳ ನಡುವೆ ನಮ್ಮ ಕರೆಯೂ ಒಂದಾಗಿ ಕೇಳಿಸಿತ್ತು.

ಅಲ್ಲಿಂದೀಚೆಗೆ ನಾವು ಪಾಲಿಸುವ ಕ್ರಮ ಬೇರೆ. ಮೊದಲು ಯಾರು, ಯಾಕೆ ಎಂದು ಹೇಳಿ, ಬೇಕಾದರೆ ವಿಚಾರಿಸಿ ನೋಡಲು ಸಂಸ್ಥೆಯ ಸ್ಥಿರ ದೂರವಾಣಿ ನಂಬರು ಕೊಟ್ಟು, ಒಪ್ಪಿಗೆ ಪಡೆದು, ಎರಡು ಮೂರು ಸರಳ ಪ್ರಶ್ನೆ ಮುಗಿದ ಮೇಲೆ ಹಣದ ವಿಷಯ ಎತ್ತುತ್ತೇವೆ. “ಹಣ ಬರಬೇಕಾದರೆ ಪಿನ್ ಒತ್ತಬೇಕಾಗಿಲ್ಲ, ಓಟಿಪಿ ಯಾರಿಗೂ ಹೇಳಬೇಡಿ, ನಮಗೂ ಹೇಳಬೇಡಿ” ಎಂದು ಸೇರಿಸುತ್ತೇವೆ. ಈ ಒಂದು ವಾಕ್ಯ ನೂರು ರೂಪಾಯಿಗಿಂತ ಹೆಚ್ಚು ನಂಬಿಕೆ ತರುತ್ತದೆ. ಎದುರಿಗೆ ಕುಳಿತಾಗ ಹಣ ಮೊದಲು ಬರಬೇಕು, ಫೋನಿನಲ್ಲಿ ನಂಬಿಕೆ ಮೊದಲು ಬರಬೇಕು.

ಕರೆ ಯಂತ್ರದ ಧ್ವನಿಯಲ್ಲಿ ಹೋಗುವುದಾದರೆ, ಬಾಂಗ್ಲಾದೇಶ ಮತ್ತು ಉಗಾಂಡಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗಗಳು ಉಪಯುಕ್ತ. ಅಲ್ಲಿ ಟಾಕ್‌ಟೈಮ್ ಕೊಟ್ಟಾಗ ಸಹಕಾರ ಹೆಚ್ಚಿತು. ಆದರೆ ಮೊತ್ತವನ್ನು ಎರಡು ಪಟ್ಟು ಮಾಡಿದ್ದರಿಂದ ಹೇಳಿಕೊಳ್ಳುವಂಥ ಹೆಚ್ಚಿನ ಲಾಭವಾಗಲಿಲ್ಲ.

ಲಕ್ಕಿ ಡ್ರಾ ಬೇಡ, ಬಹಿರಂಗ ಲಿಂಕಿಗೆ ಹಣ ಬೇಡವೇ ಬೇಡ

ಕಾಲೇಜುಗಳಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಗೂಗಲ್ ಫಾರ್ಮ್ ಮತ್ತು “ಐವರು ಅದೃಷ್ಟಶಾಲಿಗಳಿಗೆ ಐನೂರು ರೂಪಾಯಿಯ ವೋಚರ್”. ಅಗ್ಗವಾಗಿ ಕಾಣುತ್ತದೆ. ಐದು ನೂರು ಮಂದಿ ಉತ್ತರಿಸಿದರೆ ತಲೆಗೆ ಐದು ರೂಪಾಯಿ ಬೀಳುತ್ತದೆ, ಉತ್ತರಿಸುವವರಿಗೂ ಅದು ಅಷ್ಟೇ ಬೆಲೆಯದಾಗಿ ಕಾಣುತ್ತದೆ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ್ದು ವೀಳ್ಯವೂ ಅಲ್ಲ, ಕೂಲಿಯೂ ಅಲ್ಲ. ಕರ್ನಾಟಕ 2007ರಲ್ಲೇ ಲಾಟರಿಯನ್ನು ನಿಷೇಧಿಸಿದ ರಾಜ್ಯ. ಚೀಟಿ ಎತ್ತಿ ಬಹುಮಾನ ಕೊಡುವ ಯಾವ ಏರ್ಪಾಡಾದರೂ ಮೊದಲು ಕಾನೂನು ಬಲ್ಲವರ ಮುಂದೆ ಹೋಗಬೇಕು. ಅಷ್ಟು ಓಡಾಟಕ್ಕೆ ತಕ್ಕ ಫಲ ಅದರಲ್ಲಿಲ್ಲ.

ಆನ್‌ಲೈನಿನಲ್ಲಿ ಯಾವ ಬಗೆಯ ಕೊಡುಗೆಯಾದರೂ ಅಂಚೆಯಷ್ಟು ಫಲ ಕೊಡುವುದಿಲ್ಲ ಎಂಬುದು ಅಂಕಿಯಲ್ಲೂ ಕಾಣುತ್ತದೆ. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2002ರಲ್ಲಿ ಬಂದ ಸಮಗ್ರ ಪರಿಶೀಲನೆ 292 ಪ್ರಯೋಗಗಳನ್ನು ನೋಡಿತ್ತು. ಅದರ ಪ್ರಕಾರ ಅಂಚೆ ಪ್ರಶ್ನಾವಳಿಯೊಡನೆ ಹಣವಿದ್ದರೆ ಉತ್ತರಿಸುವವರಿಗೂ ಉತ್ತರಿಸದವರಿಗೂ ಇರುವ ಅನುಪಾತ ಎರಡು ಪಟ್ಟಾಗುತ್ತದೆ. ಆನ್‌ಲೈನ್ ಅಧ್ಯಯನಗಳ ಮೇಲೆ ಆನ್ಯಾ ಗೋರಿಟ್ಸ್ 2006ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಅದೇ ಅನುಪಾತ ಏರಿದ್ದು 1.19 ಪಟ್ಟು ಮಾತ್ರ.

ಇನ್ನು ಹಣ ಸಿಗುತ್ತದೆ ಎಂದು ಬರೆದು ಲಿಂಕನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಿಡುವುದಂತೂ ಸಮೀಕ್ಷೆಯನ್ನು ಕೈಯಾರೆ ಹಾಳುಮಾಡಿದಂತೆ. ಒಬ್ಬರೇ ಹತ್ತು ಹೆಸರಿನಲ್ಲಿ ತುಂಬುತ್ತಾರೆ. ಅಮೆರಿಕದಲ್ಲಿ ಉಡುಗೊರೆ ಕಾರ್ಡಿನ ಆಸೆಗೆ ಯಂತ್ರಗಳೇ ಸಾವಿರಗಟ್ಟಲೆ ಉತ್ತರ ತುಂಬಿ, ಇಡೀ ಅಧ್ಯಯನವನ್ನೇ ಕೈಬಿಡಬೇಕಾಗಿ ಬಂದ ಪ್ರಸಂಗಗಳಿವೆ. ಹಣ ಕೊಡುವುದೇ ಆದರೆ ಹೆಸರು ಗೊತ್ತಿರುವ ಪಟ್ಟಿಗೆ, ಒಬ್ಬರಿಗೆ ಒಂದೇ ಸಲ ತೆರೆಯುವ ಲಿಂಕಿಗೆ ಮಾತ್ರ ಕೊಡಿ.

ಈಗ ಎಷ್ಟು ಎಂಬ ಪ್ರಶ್ನೆ

ನಾನು ನರೇಗಾ ಕೂಲಿಯಿಂದ ಶುರುಮಾಡುತ್ತೇನೆ. ಕರ್ನಾಟಕದಲ್ಲಿ 2025-26ರಲ್ಲಿ ಅದು ದಿನಕ್ಕೆ 370 ರೂಪಾಯಿ ಇತ್ತು. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46 ದಾಟುತ್ತದೆ, ಮುಕ್ಕಾಲು ಗಂಟೆಗೆ 35ರ ಹತ್ತಿರ. ಅಲ್ಲಿಗೆ ಐವತ್ತರ ಒಂದು ನೋಟು ನ್ಯಾಯವೂ ಹೌದು, ಚಿಲ್ಲರೆಯ ತಾಪತ್ರಯವೂ ಇಲ್ಲ. ಅಡಿಕೆ ಕೊಯ್ಲಿನ, ಭತ್ತದ ನಾಟಿಯ ದಿನಗಳಲ್ಲಿ ಕೂಲಿ ಇದಕ್ಕಿಂತ ಹೆಚ್ಚಾಗಿರುತ್ತದೆ. ಆಗ ಹಣ ಹೆಚ್ಚಿಸುವುದಕ್ಕಿಂತ ತಾರೀಖು ಬದಲಿಸುವುದೇ ಸರಿ.

ತೀರಾ ಕಡಿಮೆ ಕೊಡುವುದು ಏನೂ ಕೊಡದಿರುವುದಕ್ಕಿಂತ ಕೆಟ್ಟದ್ದಾಗಬಹುದು. ಉರಿ ಗ್ನೀಜಿ ಮತ್ತು ಆಲ್ಡೊ ರುಸ್ತಿಕಿನಿ 2000ದಲ್ಲಿ ಪ್ರಕಟಿಸಿದ ಇಸ್ರೇಲಿನ ಪ್ರಯೋಗಗಳಲ್ಲಿ, ಸಣ್ಣ ಮೊತ್ತ ಕೊಟ್ಟಾಗ ಜನರ ಶ್ರಮ ಏನೂ ಕೊಡದಿದ್ದಾಗಿನದಕ್ಕಿಂತ ಇಳಿದಿತ್ತು. ಹತ್ತು ರೂಪಾಯಿಯನ್ನು ಕೂಲಿಯೆಂದು ಕೊಟ್ಟರೆ ಅದು ಅವಮಾನ.

ಅತಿಯಾಗಿ ಕೊಡುವುದು ಬೇರೆ ಬಗೆಯ ತಪ್ಪು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ, ಭಾಗವಹಿಸುವವರಿಗೆ ಪ್ರಯಾಣದ ಖರ್ಚು, ಕಳೆದ ಸಮಯ, ಆದ ಅನನುಕೂಲಕ್ಕೆ ಹಣವನ್ನೋ ವಸ್ತುವನ್ನೋ ಕೊಡಲು ಒಪ್ಪುತ್ತದೆ. ಬೇಡವೆನ್ನಲಾಗದಷ್ಟು ಆಮಿಷ ಆಗಬಾರದು ಎನ್ನುತ್ತದೆ. ಎಷ್ಟು, ಹೇಗೆ ಎಂಬುದನ್ನು ನೈತಿಕ ಸಮಿತಿ ನೋಡಬೇಕು. ರಕ್ತದ ಮಾದರಿ ಕೇಳುವ ಸಮೀಕ್ಷೆಯಲ್ಲಿ ಸಾವಿರ ರೂಪಾಯಿ ಇಟ್ಟರೆ, ಒಪ್ಪಿಗೆ ಪತ್ರದ ಮೇಲಿನ ಹೆಬ್ಬೆಟ್ಟು ಯಾವುದಕ್ಕೆ ಒಪ್ಪಿತು ಎಂದು ಹೇಳುವುದು ಕಷ್ಟ.

ಒಪ್ಪದವರಿಗೆ ಮಾತ್ರ ಹೆಚ್ಚು ಕೊಟ್ಟು ಒಲಿಸುವ ಪದ್ಧತಿ ವಿದೇಶದ ದೊಡ್ಡ ಸಮೀಕ್ಷೆಗಳಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಅದನ್ನು ಮಾಡಬೇಡಿ. ಮೊದಲ ದಿನವೇ ಒಳ್ಳೆಯ ಮಾತಿನಿಂದ ಉತ್ತರಿಸಿದವಳಿಗೆ ಐವತ್ತು, ಮೂರು ದಿನ ಸತಾಯಿಸಿದ ಪಕ್ಕದ ಮನೆಗೆ ಇನ್ನೂರು ಎಂಬ ಸುದ್ದಿ ಸಂಜೆ ಹಾಲಿನ ಡೇರಿಯ ಸಾಲಿನಲ್ಲೇ ಹರಡಿರುತ್ತದೆ.

ಹಣಕ್ಕೆ ಸಿಗದವರು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಮನೆಗಳ ಪ್ರತಿಕ್ರಿಯೆ ಶೇಕಡಾ 98, ಹೆಂಗಸರದು 97, ಗಂಡಸರದು 92. ತರಬೇತಾದವರು ಮನೆಗೆ ಹೋಗಿ, ಸಿಗದಿದ್ದರೆ ಮತ್ತೆ ಹೋಗಿ, ಹೆಂಗಸರನ್ನು ಹೆಂಗಸರೇ ಮಾತನಾಡಿಸಿದ್ದರ ಫಲ ಇದು. ಗಂಡಸರ ಪ್ರಮಾಣ ಕೆಳಗಿರುವುದಕ್ಕೆ ಅವರು ದುಡಿಮೆಗೆ ಹೋಗಿರುತ್ತಾರೆ ಎಂಬುದೇ ದೊಡ್ಡ ಕಾರಣ. ಲಕೋಟೆಯಲ್ಲಿ ಎಷ್ಟಿಟ್ಟರೂ ಮನೆಯಲ್ಲಿಲ್ಲದವನು ಬಾಗಿಲು ತೆರೆಯುವುದಿಲ್ಲ, ಸಂಜೆ ಏಳಕ್ಕೆ ಹೋದರೆ ತೆರೆಯುತ್ತಾನೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರದ ಫೋನ್ ಸಮೀಕ್ಷೆಗಳಲ್ಲಿ 1997ರಲ್ಲಿ ಶೇಕಡಾ 36 ಇದ್ದ ಪ್ರತಿಕ್ರಿಯೆ 2018ಕ್ಕೆ 6ಕ್ಕೆ ಇಳಿಯಿತು. ಆ ಹಾದಿಯಲ್ಲಿ ನಮ್ಮ ನಗರಗಳು ಈಗಾಗಲೇ ಇವೆ.

ಬೆಂಗಳೂರಿನ ಅಪಾರ್ಟ್‌ಮೆಂಟ್ ಇನ್ನೊಂದು ಲೋಕ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಶುರುವಾದಾಗ, ಮಾಹಿತಿ ಕೊಡುವುದು ಜನರ ಇಚ್ಛೆಗೆ ಬಿಟ್ಟದ್ದು ಎಂದು ಹೈಕೋರ್ಟ್ ಸ್ಪಷ್ಟಪಡಿಸಿತು. ಸರ್ಕಾರದ ಮುದ್ರೆಯಿದ್ದ ಗಣತಿದಾರರೇ ನಗರದ ಮುಚ್ಚಿದ ಬಾಗಿಲುಗಳ ಮುಂದೆ ನಿಲ್ಲಬೇಕಾಯಿತು. ಅಂಥ ಕಡೆ ನೂರು ರೂಪಾಯಿ ಗೇಟು ದಾಟಿಸುವುದಿಲ್ಲ. ನಿವಾಸಿಗಳ ಸಂಘದ ಕಾರ್ಯದರ್ಶಿಯ ಒಂದು ಸಂದೇಶ ದಾಟಿಸುತ್ತದೆ. ಸಾಮಾನ್ಯವಾಗಿ ಹಣ ಕಡಿಮೆ ಆದಾಯದವರನ್ನು, ಆ ವಿಷಯದಲ್ಲಿ ಆಸಕ್ತಿ ಇಲ್ಲದವರನ್ನು ಹೆಚ್ಚು ಸೆಳೆಯುತ್ತದೆ. ಸಮೀಕ್ಷೆಗೆ ನೀವು ಆರಿಸಿಕೊಂಡವರಲ್ಲಿ ತಪ್ಪಿಹೋಗುತ್ತಿರುವವರು ಅವರೇ ಆದರೆ ಹಣ ಒಳ್ಳೆಯ ಮದ್ದು. ತಪ್ಪಿಹೋಗುತ್ತಿರುವವರು ಶ್ರೀಮಂತರಾದರೆ, ಹಣ ಕೊಟ್ಟು ಒಟ್ಟು ಪ್ರಮಾಣ ಏರಿಸಿದಷ್ಟೂ ಚಿತ್ರ ಇನ್ನಷ್ಟು ಓರೆಯಾಗುತ್ತದೆ.

ರಸೀದಿ, ಮತ್ತು ಮೊದಲ ವಾರ

ಹಣ ಕೊಟ್ಟ ಮೇಲೆ ಲೆಕ್ಕ ಪರಿಶೋಧಕರು ಸಹಿ ಕೇಳುತ್ತಾರೆ. ಹೆಸರು ಬೇಡ ಎಂದು ಆಶ್ವಾಸನೆ ಕೊಟ್ಟು, ಕೊನೆಯಲ್ಲಿ “ಇಲ್ಲಿ ಹೆಸರು ಬರೆದು ಸಹಿ ಹಾಕಿ” ಎಂದರೆ ಮೊದಲು ಹೇಳಿದ್ದೆಲ್ಲ ಸುಳ್ಳಾಯಿತು. ಹಣದ ವಹಿಯನ್ನು ಉತ್ತರದ ಹಾಳೆಯಿಂದ ಪೂರ್ತಿ ಬೇರೆ ಇಡಿ. ವಹಿಯಲ್ಲಿ ಮನೆಯ ಕ್ರಮಸಂಖ್ಯೆ ಇರಬಾರದು, ಉತ್ತರದ ಹಾಳೆಯಲ್ಲಿ ಹೆಸರು ಇರಬಾರದು. ಯುಪಿಐ ಮೂಲಕ ಕೊಟ್ಟರೆ ಹೆಸರು, ನಂಬರು ತಾನಾಗಿಯೇ ಉಳಿಯುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದಕ್ಕೂ ಪ್ರತ್ಯೇಕ ಒಪ್ಪಿಗೆ ಕೇಳುವುದನ್ನು ರೂಢಿ ಮಾಡಿಕೊಳ್ಳಿ.

ಇಷ್ಟೆಲ್ಲ ಓದಿದ ಮೇಲೂ ನಿಮ್ಮ ಊರಿಗೆ ಯಾವುದು ಸರಿ ಎಂಬುದನ್ನು ಮೊದಲ ವಾರದಲ್ಲೇ ಪರೀಕ್ಷಿಸಿಬಿಡಿ. ಅರವತ್ತು ಮನೆ ಸಾಕು. ಎಲ್ಲರಿಗೂ ಐವತ್ತು ರೂಪಾಯಿಯೇ ಇರಲಿ, ಮೂವತ್ತು ಮನೆಗೆ ಮೊದಲು, ಮೂವತ್ತು ಮನೆಗೆ ಕೊನೆಯಲ್ಲಿ. ಯಾರಿಗೂ ಅನ್ಯಾಯವಾಗುವುದಿಲ್ಲ. ಯಾವ ಮನೆಗೆ ಯಾವುದು ಎಂಬ ಚೀಟಿಯನ್ನು ಕಚೇರಿಯಲ್ಲೇ ಎತ್ತಿ ಪಟ್ಟಿ ಮಾಡಿ. ಸಮೀಕ್ಷಕಿಯ ಆಯ್ಕೆಗೆ ಬಿಟ್ಟರೆ, ಅವಳಿಗೇ ಗೊತ್ತಾಗದಂತೆ, ನಗುಮುಖದ ಮನೆಗಳಿಗೆ ಲಕೋಟೆ ಮೊದಲು ಹೋಗುತ್ತದೆ. ವಾರದ ಕೊನೆಗೆ ಮೂರು ಸಂಗತಿ ಎಣಿಸಿ: ಪೂರ್ತಿ ಮುಗಿಸಿದವರು ಎಷ್ಟು, ಮರುಭೇಟಿ ಎಷ್ಟು, “ಗೊತ್ತಿಲ್ಲ” ಎಂಬ ಉತ್ತರ ಎಷ್ಟು. ಅರವತ್ತು ಮನೆಯಲ್ಲಿ ಮೊದಲೆರಡರ ವ್ಯತ್ಯಾಸ ಸಣ್ಣದಾಗಿಯೇ ಕಾಣಬಹುದು. ಮೂರನೆಯದನ್ನು ಮಾತ್ರ ಪ್ರಶ್ನೆ ಪ್ರಶ್ನೆಗೂ ಬಿಡಿಸಿ ನೋಡಿ, ಅದರಲ್ಲೂ ಸಾಲ ಮತ್ತು ಆದಾಯದ ಪುಟಗಳನ್ನು.